ಕಾಡು ಒಡೆಯನದು, ಕರ ನಮ್ಮದು

2024ರ ನವೆಂಬರಿನಲ್ಲಿ ರಾಜ್ಯದ ಅರಣ್ಯ ಸಚಿವರು ತಮ್ಮ ಅಧಿಕಾರಿಗಳಿಗೆ ಒಂದು ಸೂಚನೆ ಕೊಟ್ಟರು. ಪಶ್ಚಿಮ ಘಟ್ಟದಲ್ಲಿ ಹುಟ್ಟುವ ತುಂಗೆ, ಭದ್ರೆ, ಕಾವೇರಿ, ಕಬಿನಿ, ಹೇಮಾವತಿ, ಮಲಪ್ರಭೆ, ಘಟಪ್ರಭೆಗಳ ನೀರು ಕುಡಿಯುವ ಪಟ್ಟಣಗಳ ಜನ ನೀರಿನ ಬಿಲ್ಲಿನೊಡನೆ ತಿಂಗಳಿಗೆ ಎರಡು ಮೂರು ರೂಪಾಯಿ ಹಸಿರು ಕರ ಕೊಡುವಂತೆ ಪ್ರಸ್ತಾವ ಸಿದ್ಧಪಡಿಸಿರಿ ಎಂದು. ಆ ಹಣವನ್ನು ಘಟ್ಟದ ಕಾಡಿನ ರಕ್ಷಣೆಗೆ ಬಳಸುವುದಂತೆ. ಕಾಡಂಚಿನ ಜಮೀನನ್ನು ಮಾರಲು ತಾವಾಗಿ ಮುಂದೆ ಬರುವವರಿಂದ ಅದನ್ನು ಕೊಳ್ಳುವುದಕ್ಕೂ ಬಳಸುವುದಂತೆ.

ಎರಡು ರೂಪಾಯಿ ಏನು ಮಹಾ, ಅರ್ಧ ಲೋಟ ಚಹಕ್ಕೂ ಸಾಲದು ಎಂದು ಕೆಲವರು ನಕ್ಕರು. ನಾವು ನಗುವುದಿಲ್ಲ. ಎರಡು ರೂಪಾಯಿಗೆ ನಮ್ಮ ತಕರಾರೂ ಇಲ್ಲ. ಘಟ್ಟದ ಕಾಡು ಹೋದರೆ ನಮ್ಮ ನಲ್ಲಿ ಒಣಗುತ್ತದೆ ಎಂಬುದನ್ನು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬರುವ ನೀರಿಗೆ ಕೊಡ ಸಾಲಾಗಿ ಇಟ್ಟು ಕಾಯುವವರು ನಮ್ಮ ಮನೆಯ ಹೆಂಗಸರೇ ಹೊರತು ವಿಧಾನಸೌಧದವರಲ್ಲ. ನಮ್ಮ ಪ್ರಶ್ನೆ ಬೇರೆ. ಬಡವನೂ ಬಲ್ಲಿದನೂ ಸಮನಾಗಿ ಕೊಡುವ ಈ ಹಣ ಕೊನೆಗೆ ಯಾರ ಜೇಬಿಗೆ ಹೋಗುತ್ತದೆ? ಯಾವ ಕರಾರಿನ ಮೇಲೆ ಹೋಗುತ್ತದೆ? ಕೊಟ್ಟವನಿಗೆ ಆ ಕಾಡಿನ ಮೇಲೆ ಏನು ಅಧಿಕಾರ ಬರುತ್ತದೆ?

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಖಾಸಗಿ ಜಮೀನಿನಲ್ಲಿ ಮರ ಉಳಿಸಿಕೊಂಡವನಿಗೆ ಸರಕಾರದ ಬೊಕ್ಕಸದಿಂದ ವರ್ಷಾವಧಿ ಹಣ ಕೊಡಬೇಕು, ಒತ್ತಾಯ ಬೇಡ, ಕಾನೂನಿನ ಕೋಲು ಬೇಡ, ಒಡೆಯನೇ ಮನಸ್ಸು ಮಾಡಿ ಕರಾರು ಬರೆದುಕೊಡಲಿ ಎಂಬ ವಾದ ಪಂಡಿತರ ಗೋಷ್ಠಿಗಳಲ್ಲಿ ಬಹಳ ದಿನದಿಂದ ನಡೆದಿದೆ. ಆ ವಾದ ಮಾಡುವವರೆಲ್ಲ ಕೊನೆಗೆ ಬೆರಳು ತೋರಿಸುವುದು ಒಂದೇ ದೇಶದ ಕಡೆಗೆ. ಅದು ಮಧ್ಯ ಅಮೆರಿಕದ ಕೋಸ್ಟರಿಕ. ಆದಕಾರಣ ಆ ದೇಶದಲ್ಲಿ ನಿಜವಾಗಿ ನಡೆದದ್ದೇನು ಎಂಬುದನ್ನು ನಮ್ಮ ಓದುಗರ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಚಿಕ್ಕ ದೇಶ. ವಿಸ್ತೀರ್ಣ 51,100 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಜನ ಸುಮಾರು 50 ಲಕ್ಷ. ಕಾಫಿ, ಬಾಳೆ ಬೆಳೆಯುವ ನಾಡು. 1948ರಲ್ಲಿ ಸೈನ್ಯವನ್ನೇ ವಿಸರ್ಜಿಸಿದ ನಾಡು. ಸೈನ್ಯಕ್ಕೆ ಸುರಿಯುವ ಹಣವನ್ನು ಶಾಲೆಗೂ ಆಸ್ಪತ್ರೆಗೂ ಹಾಕಿದ ಆ ಜನರ ಬಗ್ಗೆ ನಮಗೆ ಗೌರವವಿದೆ. ನಾವು ಆಡುವ ಮಾತು ಅವರ ಮೇಲಿನ ಹಗೆಯಿಂದಲ್ಲ.

1940ರ ದಶಕದಲ್ಲಿ ಆ ದೇಶದ ಮುಕ್ಕಾಲು ಪಾಲು ಕಾಡಾಗಿತ್ತು. 1980ರ ದಶಕದ ಹೊತ್ತಿಗೆ ಉಳಿದದ್ದು ಕಾಲು ಪಾಲಿನಷ್ಟು. ಇದನ್ನು ಕಡಿದವರು ಯಾರು? ಬಡವರು ಕಡಿದರು, ಸೌದೆಗಾಗಿ ಕಡಿದರು ಎಂದು ಹೇಳುವುದು ಎಲ್ಲ ದೇಶದ ಅಧಿಕಾರಿಗಳ ಅಭ್ಯಾಸ. ನಡೆದ ಸಂಗತಿ ಬೇರೆ. ಅಮೆರಿಕ ಸಂಯುಕ್ತ ಸಂಸ್ಥಾನದ ಉಪಾಹಾರದಂಗಡಿಗಳಿಗೆ ಅಗ್ಗದ ದನದ ಮಾಂಸ ಬೇಕಾಯಿತು. 1960ರ, 70ರ ದಶಕಗಳಲ್ಲಿ ಹುಲ್ಲುಗಾವಲು ಮಾಡುವವನಿಗೆ, ದನ ಸಾಕುವವನಿಗೆ ಬ್ಯಾಂಕುಗಳು ಕಡಮೆ ಬಡ್ಡಿಯ ಸಾಲವನ್ನು ಧಾರಾಳವಾಗಿ ಕೊಟ್ಟವು. ಆ ಬ್ಯಾಂಕುಗಳು ಸರಕಾರದವು. ಅವುಗಳ ಹಿಂದೆ ವಿಶ್ವಬ್ಯಾಂಕಿನಂಥ ಸಂಸ್ಥೆಗಳ ಸಾಲ. ಜೊತೆಗೆ ಭೂಮಿಯ ಕಾನೂನು ಹೇಗಿತ್ತೆಂದರೆ ಕಾಡು ಕಡಿದು ಬಯಲು ಮಾಡುವುದಕ್ಕೆ ‘ಜಮೀನಿನ ಸುಧಾರಣೆ’ ಎಂಬ ಹೆಸರು. ಕಡಿದವನಿಗೆ ಹಕ್ಕು, ಉಳಿಸಿದವನಿಗೆ ಬರೀ ಕೈ. ಹೀಗೆ ಜನರ ಠೇವಣಿ, ಜನರ ಹೆಸರಿನಲ್ಲಿ ಎತ್ತಿದ ಸಾಲ ಎರಡೂ ಸೇರಿ ಕಾಡನ್ನು ನೆಲಕ್ಕೆ ಉರುಳಿಸಿದವು. ಲಾಭ ದನದ ದೊಡ್ಡಿಯ ಧಣಿಗೆ, ಮಾಂಸ ಪರದೇಶಕ್ಕೆ.

ಮೊದಲನೆಯ ಸಲ ಜನರ ದುಡ್ಡು ಹೋದದ್ದು ಹೀಗೆ, ಕಾಡು ಕಡಿಯುವುದಕ್ಕೆ.

ಎರಡನೆಯ ಸಲ ಹೋದದ್ದು ಕಾಡು ಬೆಳೆಸುವುದಕ್ಕೆ. ಬೆಟ್ಟ ಬೋಳಾದ ಮೇಲೆ ಅಲ್ಲಿಯ ಸರಕಾರ ಎಚ್ಚತ್ತು 1979ರಲ್ಲಿ ಒಂದು ಉಪಾಯ ಹೂಡಿತು. ಮರ ನೆಟ್ಟವನಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ. ಕೇಳಲು ಚೆನ್ನಾಗಿದೆ. ಆದರೆ ಆದಾಯ ತೆರಿಗೆ ಕೊಡುವವನು ಯಾರು? ನಾಲ್ಕೆಕರೆಯ ರೈತ ಕೊಡುತ್ತಾನೆಯೇ? ಕಂಪನಿಗಳು ಕೊಡುತ್ತವೆ. ಆದ್ದರಿಂದ ಕಂಪನಿಗಳೇ ಮರ ನೆಟ್ಟವು, ಕಂಪನಿಗಳೇ ತೆರಿಗೆ ಉಳಿಸಿಕೊಂಡವು. ಸಣ್ಣ ರೈತನಿಗೂ ಏನಾದರೂ ಸಿಗಬೇಕೆಂದು ಬೇರೆ ಬಗೆಯ ಪ್ರಮಾಣಪತ್ರಗಳನ್ನು ತಂದದ್ದು 1980ರ ದಶಕ ಅರ್ಧ ಕಳೆದ ಮೇಲೆ.

ಮೂರನೆಯದು ಈಗ ಜಗತ್ತೆಲ್ಲ ಹೊಗಳುವ ಯೋಜನೆ. 1996ರಲ್ಲಿ 7575ನೆಯ ಸಂಖ್ಯೆಯ ಅರಣ್ಯ ಕಾನೂನು ಬಂತು. ನಿಂತ ಕಾಡು ನಾಲ್ಕು ಸೇವೆ ಮಾಡುತ್ತದೆ ಎಂದು ಆ ಕಾನೂನು ಗುರುತಿಸಿತು: ಗಾಳಿಯ ಇಂಗಾಲವನ್ನು ಹೀರುವುದು, ನೀರು ಕಾಯುವುದು, ಜೀವರಾಶಿಗೆ ಆಸರೆಯಾಗುವುದು, ಕಣ್ಣಿಗೆ ಚೆಲುವಾಗಿರುವುದು. ಈ ಸೇವೆಗೆ ಬೆಲೆ ಕೊಡಬೇಕು, ಆ ಬೆಲೆ ಒಡೆಯನಿಗೆ ಸಲ್ಲಬೇಕು. ಇದಕ್ಕಾಗಿ ಒಂದು ರಾಷ್ಟ್ರೀಯ ಅರಣ್ಯ ನಿಧಿಯನ್ನು ಕಟ್ಟಿದರು. ಹಣ ಎಲ್ಲಿಂದ? ಪೆಟ್ರೋಲು, ಡೀಸೆಲ್ಲಿನ ಮೇಲಿನ ತೆರಿಗೆಯಿಂದ. ಆ ತೆರಿಗೆಯಲ್ಲಿ ಮೂರರಲ್ಲೊಂದು ಪಾಲು ಅರಣ್ಯಕ್ಕೆ ಎಂದು ಮೊದಲು ಬರೆದರು. ಅಲ್ಲಿಯ ಹಣಕಾಸು ಇಲಾಖೆಯೂ ಎಲ್ಲ ಹಣಕಾಸು ಇಲಾಖೆಗಳ ಹಾಗೆಯೇ, ಬರೆದಷ್ಟನ್ನು ಎಂದೂ ಪೂರ್ತಿ ಕೊಡಲಿಲ್ಲ. 2001ರಲ್ಲಿ ಕಾನೂನು ತಿದ್ದಿ ಇಂಧನ ತೆರಿಗೆಯ ನೂರಕ್ಕೆ ಮೂರೂವರೆ ಪಾಲು ಎಂದು ಗೊತ್ತುಮಾಡಿದರು. 1997ರಿಂದ ಹಣ ಹಂಚಿಕೆ ಆರಂಭವಾಯಿತು. ಕಾಡನ್ನು ಕಾಪಾಡುವುದಕ್ಕೆ ಮೊದಲ ವರ್ಷಗಳಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 40 ಡಾಲರು, ಆಮೇಲೆ 60ರ ಮೇಲೆ. ಹೆಕ್ಟೇರು ಎಂದರೆ ನಮ್ಮ ಎರಡೂವರೆ ಎಕರೆ. ಕರಾರಿನ ಅವಧಿ ಐದು ವರ್ಷ. ಇಲ್ಲಿಯವರೆಗೆ ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚಿನ ಜಮೀನಿಗೆ ಈ ಹಣ ಸಂದಿದೆ. ದೇಶದ ಅರ್ಧಕ್ಕಿಂತ ಹೆಚ್ಚು ಭಾಗ ಮತ್ತೆ ಕಾಡಾಗಿದೆ. 2021ರಲ್ಲಿ ಬ್ರಿಟನ್ನಿನ ರಾಜಕುಮಾರ ಹತ್ತು ಲಕ್ಷ ಪೌಂಡಿನ ಬಹುಮಾನವನ್ನೂ ಕೊಡಿಸಿದ.

ನೋಡಿದಿರಾ, ಹಣ ಕೊಟ್ಟರು, ಕಾಡು ಬಂತು ಎನ್ನುತ್ತಾರೆ ಪಂಡಿತರು.

ತಡೆಯಿರಿ. ಹಣ ಕೊಡುವುದಕ್ಕೆ ಮೊದಲೇ ಕಾಡು ಮರಳತೊಡಗಿತ್ತು. 1980ರ ದಶಕದಲ್ಲಿ ದನದ ಮಾಂಸದ ಬೆಲೆ ಕುಸಿಯಿತು. ದೇಶ ಸಾಲದಲ್ಲಿ ಮುಳುಗಿ ಬ್ಯಾಂಕುಗಳ ಅಗ್ಗದ ಸಾಲ ನಿಂತಿತು. ಸಾಲ ನಿಂತೊಡನೆ ದೊಡ್ಡಿಯ ಧಣಿಗಳು ಹುಲ್ಲುಗಾವಲನ್ನು ಬಿಟ್ಟುಕೊಟ್ಟರು. ಬಿಟ್ಟ ನೆಲದಲ್ಲಿ ಮಳೆ ಬಿದ್ದರೆ ಮರ ಹುಟ್ಟುವುದಕ್ಕೆ ಯಾರ ಅಪ್ಪಣೆಯೂ ಬೇಡ. ಅದಾದ ಮೇಲೆ ಕಾಡು ನೋಡಲು ಬರುವ ಪ್ರವಾಸಿಗಳ ಹಣ ಬಂತು. ನಿಂತ ಮರ ಕಡಿದ ಮರಕ್ಕಿಂತ ಲಾಭವೆಂದು ಒಡೆಯನಿಗೇ ತಿಳಿಯಿತು. ಕಡಿಯಲು ಕೊಡುತ್ತಿದ್ದ ಹಣವನ್ನು ನಿಲ್ಲಿಸಿದ್ದೇ ಆ ಕಾಡಿಗೆ ದೊರೆತ ಮೊದಲ ಸಹಾಯ.

ಇನ್ನೂ ಒಂದು ಮಾತನ್ನು ಪಂಡಿತರು ಮೆಲ್ಲಗೆ ಹೇಳುತ್ತಾರೆ, ಇಲ್ಲವೆ ಹೇಳುವುದೇ ಇಲ್ಲ. ಹಣ ಕೊಡಬೇಕೆಂದ ಅದೇ 1996ರ ಕಾನೂನಿನ 19ನೆಯ ಕಲಮು ಕಾಡಿದ್ದ ನೆಲವನ್ನು ಬೇರೆ ಉಪಯೋಗಕ್ಕೆ ತಿರುಗಿಸುವುದನ್ನು ನಿಷೇಧಿಸಿತು. ಅಂದರೆ ಕಾಡು ಕಡಿದು ಗದ್ದೆಯನ್ನೋ ಹುಲ್ಲುಗಾವಲನ್ನೋ ಮಾಡುವುದು ಅಪರಾಧ. ಒಂದು ಕೈಯಲ್ಲಿ ಕಡಿಯಬಾರದೆಂಬ ಆಜ್ಞೆ, ಇನ್ನೊಂದು ಕೈಯಲ್ಲಿ ಕಡಿಯದಿದ್ದುದಕ್ಕೆ ಸಂಭಾವನೆ!

ನಮ್ಮ ಅಂಗಡಿಕಾರ ಬಂಧುಗಳು ಇದನ್ನು ತಮ್ಮ ತಕ್ಕಡಿಯಲ್ಲಿ ಇಟ್ಟು ನೋಡಲಿ. ಗೊತ್ತಾದ ಅವಧಿಗೊಮ್ಮೆ ತೂಕದ ಬಟ್ಟಿಗೆ ಮುದ್ರೆ ಹಾಕಿಸಿಕೊಳ್ಳುತ್ತೀರಿ, ಅದಕ್ಕೆ ಫೀಜು ಕೊಡುತ್ತೀರಿ. ತೂಕ ಕಡಮೆ ಕೊಟ್ಟರೆ ದಂಡ. ತೂಕ ಸರಿಯಾಗಿ ಕೊಟ್ಟದ್ದಕ್ಕೆ ಯಾವ ಸರಕಾರವಾದರೂ ನಿಮಗೆ ವರ್ಷಾಸನ ಕೊಟ್ಟದ್ದುಂಟೆ? ಗಿರಣಿಯಲ್ಲಿ ಮಗ್ಗ ಮುರಿಯದೆ ಇದ್ದುದಕ್ಕೆ ಕಾರ್ಮಿಕನಿಗೆ ಬೋನಸು ಕೊಡುತ್ತಾರೆಯೇ? ಕೊಡಬೇಕಾದ ಬೋನಸನ್ನೇ ಕೊಡದೆ ಕೋರ್ಟು ಹತ್ತಿಸುತ್ತಾರೆ. ಕಾನೂನು ಪಾಲಿಸುವುದು ದುಡಿಯುವವನಿಗೆ ಕರ್ತವ್ಯ, ಆಸ್ತಿಯುಳ್ಳವನಿಗೆ ಸೇವೆ. ಸೇವೆಯಾದ್ದರಿಂದ ಅದಕ್ಕೆ ಬೆಲೆ.

ಇದಕ್ಕೆ ಅವರ ಉತ್ತರವಿದೆ, ಅದನ್ನೂ ಹೇಳಿಬಿಡುತ್ತೇವೆ. ಹಣದ ಆಸೆ ತೋರಿಸದಿದ್ದರೆ ನಿಷೇಧದ ಕಾನೂನು ಶಾಸನಸಭೆಯಲ್ಲಿ ಪಾಸಾಗುತ್ತಲೇ ಇರಲಿಲ್ಲ. ಪಾಸಾದರೂ ಬೆಟ್ಟದ ಮೇಲಿನ ಒಬ್ಬೊಬ್ಬ ಒಡೆಯನ ಹಿಂದೆ ಒಬ್ಬೊಬ್ಬ ಗಾರ್ಡನ್ನು ನಿಲ್ಲಿಸಲಾಗುವುದಿಲ್ಲ. ಸಿಹಿ ಇದ್ದರೆ ಕಹಿ ಇಳಿಯುತ್ತದೆ ಎಂದು. ಇದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಐದೆಕರೆ ಬೆಟ್ಟದ ಇಳಿಜಾರೇ ಸಕಲ ಸಂಪತ್ತಾಗಿರುವ ರೈತನಿಗೆ ‘ಇದನ್ನು ಮುಟ್ಟಬೇಡ, ಕೆಳಗಿನ ಊರಿಗೆ ನೀರು ಬೇಕು’ ಎಂದು ಆಜ್ಞೆ ಮಾಡಿ ಬರಿಗೈಯಲ್ಲಿ ಕಳಿಸುವುದು ಅನ್ಯಾಯವೇ. ಅವನಿಗೆ ಕೊಡಬೇಕು. ಧಾರಾಳವಾಗಿ ಕೊಡಬೇಕು. ಅವನ ಹೆಸರು ಹೇಳಿ ಬೊಕ್ಕಸದ ಬಾಗಿಲು ತೆರೆಸಿ, ತೆರೆದ ಬಾಗಿಲಲ್ಲಿ ಇನ್ನೊಬ್ಬನು ನುಗ್ಗುವುದನ್ನು ಮಾತ್ರ ನಾವು ಒಪ್ಪುವುದಿಲ್ಲ.

ಕೋಸ್ಟರಿಕದಲ್ಲಿ ನುಗ್ಗಿದವರಾರು? ಒಬ್ಬನ ಕರಾರಿಗೆ ಕನಿಷ್ಠ 2 ಹೆಕ್ಟೇರು ಇರಬೇಕು; ಗರಿಷ್ಠ 300 ಹೆಕ್ಟೇರು, ಅಂದರೆ 740 ಎಕರೆ. ಹೆಕ್ಟೇರಿಗೆ 64 ಡಾಲರಿನಂತೆ ಲೆಕ್ಕ ಹಾಕಿರಿ. ಎರಡು ಹೆಕ್ಟೇರಿನವನಿಗೆ ವರ್ಷಕ್ಕೆ 128 ಡಾಲರು; ಮುನ್ನೂರು ಹೆಕ್ಟೇರಿನವನಿಗೆ 19,200 ಡಾಲರು. ಅರ್ಜಿ ಹಾಕುವುದಕ್ಕೆ ಭೂಮಿಯ ಪಕ್ಕಾ ಪತ್ರ ಬೇಕು, ನಕ್ಷೆ ಬೇಕು, ಪರವಾನಗಿ ಪಡೆದ ಅರಣ್ಯತಜ್ಞ ಬರೆದುಕೊಟ್ಟ ಯೋಜನೆ ಬೇಕು, ಆ ತಜ್ಞನಿಗೆ ಸಿಗುವ ಹಣದಲ್ಲಿ ಪಾಲು ಕೊಡಬೇಕು. ದೊಡ್ಡವನಿಗೆ ಇದೆಲ್ಲ ಗುಮಾಸ್ತನ ಒಂದು ದಿನದ ಕೆಲಸ. ಸಣ್ಣವನಿಗೆ ಆರು ಸಲ ಪಟ್ಟಣಕ್ಕೆ ಬಸ್ಸಿನ ಖರ್ಚು. ತಲೆಮಾರುಗಳಿಂದ ಭೂಮಿಯಲ್ಲಿದ್ದೂ ಪತ್ರವಿಲ್ಲದವನು ಮೊದಲ ವರ್ಷಗಳಲ್ಲಿ ಹತ್ತಿರವೂ ಸುಳಿಯುವಂತಿರಲಿಲ್ಲ. ಆಮೇಲೆ ಆ ನಿಯಮವನ್ನು ಸಡಿಲಿಸಿದರು. ರಾಜಧಾನಿಗೆ ನೀರು, ವಿದ್ಯುತ್ತು ಕೊಡುವ ವಿರಿಲ್ಯಾ ನದಿಯ ಜಲಾನಯನದಲ್ಲಿ ಯಾರು ಹಣ ಪಡೆದರೆಂದು ಹುಡುಕಿ ನೋಡಿದವರಿಗೆ ಸಿಕ್ಕವರು ಹೆಚ್ಚಾಗಿ ದೊಡ್ಡ ಹಿಡುವಳಿಯವರು, ಓದಿದವರು, ಜಮೀನಲ್ಲದೆ ಬೇರೆ ವರಮಾನವಿದ್ದವರು. ಮೊದಲ ಕೆಲವು ವರ್ಷ ಹಣ ಹೋದ ಕಾಡುಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು ಇನ್ನೊಂದನ್ನೂ ಕಂಡುಕೊಂಡರು: ಆ ಕಾಡಿನ ಬಹುಪಾಲು ಹಣ ಕೊಡದಿದ್ದರೂ ನಿಂತೇ ಇರುತ್ತಿತ್ತು. ಕಡಿದಾದ ಇಳಿಜಾರು, ರಸ್ತೆಯಿಲ್ಲದ ಮೂಲೆ, ಉತ್ತಿದರೂ ಏನೂ ಬೆಳೆಯದ ನೆಲ, ಇವನ್ನೇ ಒಡೆಯರು ಕರಾರಿಗೆ ಕೊಟ್ಟದ್ದು. ಒಳ್ಳೆಯ ನೆಲವನ್ನು ಕೈಯಲ್ಲಿಟ್ಟುಕೊಂಡರು. ಮನಸ್ಸಿದ್ದರೆ ಕೊಡು ಎಂದರೆ ಯಾವನಾದರೂ ತನಗೆ ಬೇಡದ್ದನ್ನೇ ಮೊದಲು ಕೊಡುತ್ತಾನೆ. ‘ಸ್ವಯಂಪ್ರೇರಣೆ’ ಎಂಬ ಘನವಾದ ಶಬ್ದದ ಅರ್ಥ ಇಷ್ಟೆ.

ಸ್ವಯಂಪ್ರೇರಣೆಯ ಇನ್ನೊಂದು ಮುಖ ಐದು ವರ್ಷದ ಕರಾರು. ಐದು ವರ್ಷ ತುಂಬಿದ ದಿನ ಒಡೆಯ ಪೇಟೆಯ ಧಾರಣೆ ನೋಡುತ್ತಾನೆ. ಕೋಸ್ಟರಿಕ ಇಂದು ಜಗತ್ತಿನ ದೊಡ್ಡ ಅನಾನಸು ರಫ್ತುದಾರ ದೇಶಗಳಲ್ಲೊಂದು. ಒಂದು ಹೆಕ್ಟೇರು ಅನಾನಸು ಕೊಡುವ ಲಾಭದ ಮುಂದೆ 64 ಡಾಲರು ಯಾವ ಲೆಕ್ಕ? ಅಲ್ಲಿ ಕಾಡನ್ನು ಕಾಯುವುದು 19ನೆಯ ಕಲಮೇ ಹೊರತು ಸಂಭಾವನೆಯಲ್ಲ. ಹೀಗಿರುವಾಗ ಕಲಮಿನ ಮಾತನ್ನು ಬಿಟ್ಟು ಸಂಭಾವನೆಯನ್ನಷ್ಟೆ ಇಲ್ಲಿಗೆ ತರಬೇಕೆನ್ನುವವರ ಇಂಗಿತವೇನು?

ಹಣ ಕೊಟ್ಟವರು ಯಾರು ಎಂಬುದನ್ನೂ ನೋಡಬೇಕು. ಇಂಧನದ ತೆರಿಗೆಯನ್ನು ಕಾರಿದ್ದವನು ಹೆಚ್ಚು ಕೊಡುತ್ತಾನೆ ಎನ್ನುತ್ತಾರೆ. ನಿಜ, ಬಂಕಿನಲ್ಲಿ ಅವನು ಹೆಚ್ಚು ಕೊಡುತ್ತಾನೆ. ಆದರೆ ಲಾರಿಯ ಡೀಸೆಲ್ಲಿನ ಮೇಲಿನ ತೆರಿಗೆ ಲಾರಿಯಲ್ಲೇ ಉಳಿಯುವುದಿಲ್ಲ; ಉಳ್ಳಾಗಡ್ಡಿಯ ಚೀಲದ ಜೊತೆ ಇಳಿದು ಅಂಗಡಿಗೆ ಬಂದು ಚಿಲ್ಲರೆ ಗಿರಾಕಿಯ ಮನೆಗೆ ಹೋಗುತ್ತದೆ. 2024ರ ಜೂನಿನಲ್ಲಿ ನಮ್ಮ ರಾಜ್ಯ ಸರಕಾರ ಮಾರಾಟ ತೆರಿಗೆ ಏರಿಸಿ ಪೆಟ್ರೋಲು, ಡೀಸೆಲ್ಲು ಲೀಟರಿಗೆ ಸುಮಾರು ಮೂರು ರೂಪಾಯಿ ಹೆಚ್ಚಾದಾಗ ಆ ಮೂರು ರೂಪಾಯಿ ಯಾರ ಹೆಗಲ ಮೇಲೆ ಕೂತಿತೆಂದು ಲಗೇಜು ಆಟೋದವರನ್ನು ಕೇಳಿರಿ. ನೀರಿನ ಬಿಲ್ಲಿನ ಕರವಂತೂ ಇನ್ನೂ ಸಮಾನ. ಈಜುಕೊಳವಿರುವ ಬಂಗಲೆಗೂ ಎರಡು ರೂಪಾಯಿ, ಒಂದೇ ನಲ್ಲಿಯ ವಠಾರದ ಮನೆಗೂ ಎರಡು ರೂಪಾಯಿ!

ಆ ದೇಶದಿಂದ ಕಲಿಯುವುದು ಏನೂ ಇಲ್ಲವೆಂದು ಓದುಗರು ತಿಳಿಯಬಾರದು. ಏರೆದಿಯಾ ಎಂಬ ಊರಿನ ಸಾರ್ವಜನಿಕ ನೀರಿನ ಸಂಸ್ಥೆ 2000ದಲ್ಲಿ ನೀರಿನ ಬಿಲ್ಲಿಗೆ ಸಣ್ಣ ಕರ ಸೇರಿಸಿತು. ಅದನ್ನು ಮನೆಗಿಷ್ಟು ಎಂದು ಹಾಕಲಿಲ್ಲ, ಬಳಸಿದ ಘನ ಮೀಟರಿಗಿಷ್ಟು ಎಂದು ಹಾಕಿತು. ಹೆಚ್ಚು ನೀರು ಬಳಸಿದವನಿಗೆ ಹೆಚ್ಚು. ಹಣ ಹೋದದ್ದು ಆ ಊರಿಗೇ ನೀರು ಬರುವ ಬೆಟ್ಟಕ್ಕೆ. ಕೊಟ್ಟವನು ತಲೆಯೆತ್ತಿದರೆ ಅದು ಕಾಣುತ್ತದೆ. ತಲಮಾಂಕ ಬೆಟ್ಟಗಳ ಬ್ರಿಬ್ರಿ, ಕಬೇಕರ ಎಂಬ ಮೂಲನಿವಾಸಿಗಳ ಪ್ರದೇಶಗಳಿಗೂ ಕಾಡಿನ ಹಣ ಸಲ್ಲುತ್ತದೆ. ಅಲ್ಲಿ ಕಾಡು ಒಬ್ಬನದಲ್ಲ, ಹಣವೂ ಒಬ್ಬನ ಹೆಸರಿಗೆ ಹೋಗುವುದಿಲ್ಲ, ಊರಿನ ಸಂಘಕ್ಕೆ ಹೋಗುತ್ತದೆ. ಟೀಕೆ ಕೇಳಿಬಂದ ಮೇಲೆ ಅರಣ್ಯ ನಿಧಿಯವರು ಐವತ್ತು ಹೆಕ್ಟೇರಿಗಿಂತ ಕಡಮೆ ಇರುವವರಿಗೂ ಬಡ ಜಿಲ್ಲೆಗಳಿಗೂ ಆದ್ಯತೆಯ ಅಂಕ ಕೊಡತೊಡಗಿದರು. ಇವು ತಾವಾಗಿ ಬಂದವಲ್ಲ. ಜನ ಕೇಳಿದ್ದರಿಂದ ಬಂದವು.

ಈಗ ನಮ್ಮ ಮನೆಗೆ ಬರೋಣ. ನಮ್ಮ ಸರಕಾರಗಳಿಗೆ ಕಾಡಿನ ಬೆಲೆ ಯಾವಾಗ ಗೊತ್ತಾಗುತ್ತದೆ, ಯಾವಾಗ ಗೊತ್ತಾಗುವುದಿಲ್ಲ ಎಂಬುದಕ್ಕೆ ಚರಿತ್ರೆಯಿದೆ.

ಕಾಡು ಸಾರ್ವಜನಿಕರದಾಗಿದ್ದಾಗ ಅದಕ್ಕೆ ಬೆಲೆಯೇ ಇರಲಿಲ್ಲ. 1958ರಲ್ಲಿ ದಾಂಡೇಲಿಯ ಕಾಗದದ ಗಿರಣಿಗೆ ಉತ್ತರ ಕನ್ನಡದ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯ ದರಕ್ಕೆ ಕೊಟ್ಟರು. ಅದೇ ಬಿದಿರಿಗೆ ಬುಟ್ಟಿ ಹೆಣೆಯುವ ಮೇದಾರ ಪೇಟೆಯಲ್ಲಿ ಅದರ ಎಷ್ಟೋ ನೂರು ಪಾಲು ಕೊಡಬೇಕಾಯಿತು. 1984ರಲ್ಲಿ ರಾಜ್ಯ ಸರಕಾರ ಹರಿಹರದ ಪಾಲಿಫೈಬರ್ಸ್ ಕಂಪನಿಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆ ಕಟ್ಟಿ, ಹಳ್ಳಿಗಳ ಸುತ್ತಿನ ಸಿ ಮತ್ತು ಡಿ ದರ್ಜೆಯ ಸುಮಾರು 30,000 ಹೆಕ್ಟೇರು ನೆಲವನ್ನು ನೀಲಗಿರಿ ನೆಡುವುದಕ್ಕೆ ಗೊತ್ತುಮಾಡಿತು. ಅದು ದನ ಮೇಯುವ, ಸೌದೆ ಆರಿಸುವ, ಹುಲ್ಲು ತರುವ ನೆಲ. ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಹಳ್ಳಿಯ ಜನ ನೀಲಗಿರಿಯ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವೆಂದು ಅದು ಹೆಸರಾಯಿತು. 1990ರ ದಶಕದ ಆರಂಭದಲ್ಲಿ ಆ ಸಂಸ್ಥೆಯನ್ನು ಮುಚ್ಚಬೇಕಾಯಿತು. ಇದನ್ನು ಬರೆಯುವಾಗ ನಾವು ಗಿರಣಿಯಲ್ಲಿ ದುಡಿದವರನ್ನು ದೂರುತ್ತಿಲ್ಲ. ಬಿದಿರಿನ ದರ ಗೊತ್ತುಮಾಡುವಾಗ ಯಾವ ಕಾರ್ಮಿಕನನ್ನೂ ಯಾರೂ ಕೇಳಲಿಲ್ಲ. ಅಗ್ಗದ ಬಿದಿರಿನ ಲಾಭ ಅವನ ಪಗಾರಕ್ಕೂ ಬರಲಿಲ್ಲ.

ಹಳ್ಳಿಯವರು ತಲೆಮಾರುಗಳಿಂದ ಕಾಪಾಡಿದ ಆ ಗೋಮಾಳಕ್ಕೆ, ಆ ಕುರುಚಲು ಕಾಡಿಗೆ ‘ಪರಿಸರ ಸೇವೆಯ ಬೆಲೆ’ ಎಂದು ಒಂದು ಬಿಡಿಗಾಸನ್ನೂ ಯಾರೂ ಕೊಟ್ಟವರಲ್ಲ. ಕಾಡು ಖಾಸಗಿಯಾದೊಡನೆ ಅದರ ಸೇವೆ ಕಾಣತೊಡಗುತ್ತದೆ!

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳನ್ನು ನೋಡಿರಿ. ಕಾಡುಮರದ ನೆರಳಲ್ಲಿ ಕಾಫಿ ಬೆಳೆಯುವ ಆ ತೋಟಗಳು ನೀರಿಗೂ ಹಕ್ಕಿಗೂ ಒಳ್ಳೆಯವು, ಸಂಶಯವಿಲ್ಲ. ಆ ನೆರಳಿನ ಮರಗಳಿಗೆ ಹಣ ಕೊಡಬೇಕೆಂಬ ಮಾತು ಮುಂದಿನ ದಿನಗಳಲ್ಲಿ ಜೋರಾಗಿಯೇ ಬರುತ್ತದೆ. ಬಂದಾಗ ಕೆಲವು ಸಂಗತಿಗಳನ್ನು ನಾವು ನೆನಪಿಡಬೇಕು. ರಾಜ್ಯದ ಭೂಸುಧಾರಣೆಯ ಕಾನೂನು ಬಯಲುಸೀಮೆಯ ರೈತನಿಗೆ ಮಿತಿ ಹಾಕಿತು. ಕಾಫಿ, ಚಹ, ಏಲಕ್ಕಿ, ರಬ್ಬರು, ಮೆಣಸಿನ ಪ್ಲಾಂಟೇಶನ್ನುಗಳನ್ನು ಆ ಮಿತಿಯಿಂದ ಹೊರಗಿಟ್ಟಿತು. ಮಿತಿಯಿಲ್ಲದ ಒಡೆತನಕ್ಕೆ ಎಕರೆಗಿಷ್ಟೆಂದು ಹಣ ಕೊಡುವುದೆಂದರೆ ಭೂಸುಧಾರಣೆ ತಪ್ಪಿಸಿಕೊಂಡವನಿಗೆ ಬಹುಮಾನ ಕೊಟ್ಟಂತೆ. ಇನ್ನೊಂದು, ಸಿಲ್ವರ್ ಓಕ್. ಹೊನ್ನೆ, ಬೀಟೆ, ಹಲಸು ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕಿಗೆ ಆ ಅಪ್ಪಣೆ ಬೇಡ. ಆದ್ದರಿಂದ ತೋಟಗಳಲ್ಲಿ ಊರಿನ ಮರ ಹೋಗಿ ಸಿಲ್ವರ್ ಓಕ್ ಏರುತ್ತಾ ಬಂದಿದೆ. ಕೊಡಗಿನ ಕೆಲವು ಬಗೆಯ ಜಮೀನಿನಲ್ಲಂತೂ ನೆಲ ರೈತನದು, ಮರದ ಹಕ್ಕು ಸರಕಾರದ್ದು. ತನ್ನದಲ್ಲದ ಮರವನ್ನು ಯಾವ ರೈತ ಅಕ್ಕರೆಯಿಂದ ಬೆಳೆಸಿಯಾನು? ಈ ಗಂಟನ್ನು ಬಿಚ್ಚುವುದಕ್ಕೆ ಒಂದು ರೂಪಾಯಿಯ ಸಹಾಯಧನವೂ ಬೇಡ. ಕಾನೂನು ತಿದ್ದಿದರೆ ಸಾಕು. ಅದನ್ನು ಮಾಡದೆ ಮೊದಲು ಹಣ ಕೊಡೋಣವೆನ್ನುವವರು ಕೋಸ್ಟರಿಕದ ದನದ ಸಾಲದ ಕಥೆಯನ್ನು ಇನ್ನೊಮ್ಮೆ ಓದಲಿ.

ತೋಟದವರೆಲ್ಲ ಧಣಿಗಳೆಂದು ನಾವು ಭಾವಿಸಿಲ್ಲ. ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹತ್ತು ಹೆಕ್ಟೇರಿನ ಒಳಗಿನವು. ಮಾಧವ ಗಾಡ್ಗೀಳರ ಸಮಿತಿ 2011ರ ತನ್ನ ವರದಿಯಲ್ಲಿ ಘಟ್ಟದ ಸಣ್ಣ ಹಿಡುವಳಿದಾರರಿಗೆ ಸಹಜ ಸಸ್ಯರಾಶಿ ಉಳಿಸಿಕೊಂಡದ್ದಕ್ಕೆ ಸಂರಕ್ಷಣಾ ಸೇವಾಶುಲ್ಕ ಕೊಡಬೇಕೆಂದು ಸೂಚಿಸಿತ್ತು. ‘ಸಣ್ಣ’ ಎಂಬ ಆ ಒಂದು ಶಬ್ದ ದೊಡ್ಡವರ ಬಾಯಿಗೆ ಬಂದಾಗ ಮಾಯವಾಗುತ್ತದೆ. ಆ ವರದಿಯನ್ನು ರೈತವಿರೋಧಿಯೆಂದು ಊರೂರಲ್ಲಿ ಸಾರಿ ಮೂಲೆಗೆ ತಳ್ಳಿದ ಮುಖಂಡರು ಸಣ್ಣ ರೈತನಿಗೆ ಅದರಲ್ಲಿ ಹಣ ಕೊಡುವ ಮಾತಿತ್ತೆಂದು ಅವನಿಗೆ ಹೇಳಲಿಲ್ಲ.

ಇನ್ನು ಯಾರ ಲೆಕ್ಕಕ್ಕೂ ಬಾರದವರು ತೋಟದ ಲೈನು ಮನೆಗಳಲ್ಲಿದ್ದಾರೆ. ಮರ ಹತ್ತಿ ಕೊಂಬೆ ಸವರುವವನು, ಬೆಂಕಿ ಬಿದ್ದರೆ ಸೊಪ್ಪು ಹಿಡಿದು ಓಡುವವನು, ಆನೆಯ ಕಾಲಿಗೆ ಸಿಕ್ಕಿ ಸಾಯುವವನು ಅವನು. ಯರವ, ಪಣಿಯ, ಜೇನುಕುರುಬ ಕುಟುಂಬಗಳು ತಲೆತಲಾಂತರದಿಂದ ಆ ಕಾಡಿನ ನೆರಳಲ್ಲಿದ್ದೂ ಎಷ್ಟೋ ಕಡೆ ಸ್ವಂತ ನಿವೇಶನವೂ ಇಲ್ಲದೆ ಬದುಕುತ್ತಿವೆ. ಕಾಡು ಸೇವೆ ಮಾಡುತ್ತದೆಂದು ಒಡೆಯನಿಗೆ ಹಣ ಕೊಡುವವರು ಕಾಡಿಗೆ ಸೇವೆ ಮಾಡಿದವನಿಗೆ ಏನು ಕೊಡುತ್ತಾರೆ? 2006ರ ಅರಣ್ಯ ಹಕ್ಕು ಕಾನೂನಿನ ಪ್ರಕಾರ ಅವನಿಗೆ ಬರಬೇಕಾದ ಹಕ್ಕುಪತ್ರವನ್ನೇ ಇನ್ನೂ ಸರಿಯಾಗಿ ಕೊಟ್ಟಿಲ್ಲ.

ಆದ್ದರಿಂದ ಹಸಿರು ಕರದ ಪ್ರಸ್ತಾವ ಮತ್ತೆ ಮೇಜಿನ ಮೇಲೆ ಬಂದ ದಿನ ನಮ್ಮ ಪಟ್ಟಣದ ಜನ ಬಾಯಿಮುಚ್ಚಿ ಕೂರಬಾರದು. ಕರ ಮನೆಗಿಷ್ಟು ಎಂದಾಗಬಾರದು, ನೀರು ಬಳಸಿದಷ್ಟಕ್ಕೆ ಎಂದಾಗಬೇಕು. ಕುಡಿಯುವಷ್ಟು ಮಾತ್ರ ಬಳಸುವ ಮನೆಗೆ ಅದು ಇರಕೂಡದು. ನದಿಯಿಂದ ನೇರವಾಗಿ ನೀರೆಳೆಯುವ ಕಾರ್ಖಾನೆ, ರೆಸಾರ್ಟುಗಳ ಮೇಲೆ ಅದು ಮೊದಲು ಬೀಳಬೇಕು. ಒಬ್ಬ ಒಡೆಯನಿಗೆ ಇಷ್ಟೆಕರೆಯ ಮೇಲೆ ಹಣವಿಲ್ಲ ಎಂಬ ಮಿತಿ ಬೇಕು, ಆ ಮಿತಿ ಸಣ್ಣದಾಗಿರಬೇಕು. ಕಾನೂನು ಈಗಾಗಲೇ ನಿಷೇಧಿಸಿದ್ದಕ್ಕೆ ದೊಡ್ಡವನಿಗೆ ಕಾಸೂ ಇಲ್ಲ. ಐದು ವರ್ಷದ ಬಾಡಿಗೆಯ ಕಾಡಿಗೆ ಹಣ ಸುರಿಯಬಾರದು. ಕೊಟ್ಟರೆ ಮಕ್ಕಳ ಕಾಲಕ್ಕೂ ನಿಲ್ಲುವ, ಜಮೀನಿನ ಪಹಣಿಯಲ್ಲೇ ದಾಖಲಾಗುವ, ಜಮೀನು ಮಾರಿದರೂ ಕೊಂಡವನನ್ನು ಕಟ್ಟುವ ಕರಾರಿಗೆ ಕೊಡಬೇಕು. ಕಾಡಂಚಿನ ಜಮೀನನ್ನು ಕೊಳ್ಳುವುದಾದರೆ ಆನೆಯ ಕಾಟಕ್ಕೆ ಬೇಸತ್ತ ಸಣ್ಣ ರೈತನದನ್ನು ಮೊದಲು, ನ್ಯಾಯವಾದ ಬೆಲೆಗೆ ಕೊಳ್ಳಲಿ. ಬೀಳುಬಿದ್ದ ತೋಟವನ್ನು ಸರಕಾರದ ಕೊರಳಿಗೆ ಕಟ್ಟಿ ಬೆಂಗಳೂರು ಸೇರುವ ಯೋಚನೆಯಲ್ಲಿರುವವನು ಸಾಲಿನ ಕೊನೆಯಲ್ಲಿ ನಿಲ್ಲಲಿ. ಹಣದಲ್ಲಿ ಒಂದು ಪಾಲು ಆ ನೆಲದಲ್ಲಿ ದುಡಿಯುವ ಕೂಲಿಯ ಹೆಸರಿಗೆ, ಇನ್ನೊಂದು ಪಾಲು ಗೋಮಾಳ, ದೇವರಕಾಡುಗಳನ್ನು ಕಾಯುವ ಗ್ರಾಮಸಭೆಗೆ ಹೋಗಲಿ.

ಹಣ ಪಡೆದವರ ಪಟ್ಟಿಯನ್ನು, ಎಕರೆ ಎಷ್ಟು, ರೂಪಾಯಿ ಎಷ್ಟು ಎಂಬುದರೊಡನೆ, ಘಟ್ಟದ ಗ್ರಾಮ ಪಂಚಾಯತಿಯ ಗೋಡೆಗೂ ಕರ ಕೊಟ್ಟ ನಮ್ಮ ಪುರಸಭೆಯ ಗೋಡೆಗೂ ಅಂಟಿಸಬೇಕು. ಇದಕ್ಕೆ ನೂರಾರು ಕೋಟಿ ಬೇಡ. ಕಾಗದ, ಗೋಂದು ಇದ್ದರೆ ಸಾಕು. ನಮ್ಮ ಕ್ಷೇತ್ರದ ಶಾಸಕರು ಇದನ್ನು ಒಪ್ಪುತ್ತಾರೆಯೇ ಇಲ್ಲವೇ ಎಂಬುದನ್ನು ಮುಂದಿನ ಅಧಿವೇಶನಕ್ಕೆ ಮೊದಲೇ ಕೇಳಿ ತಿಳಿದುಕೊಳ್ಳಬೇಕಾಗಿದೆ. ಗಿರಣಿ ಕಾರ್ಮಿಕರ ಸಂಘವೂ ಸಂತೆ ವ್ಯಾಪಾರಿಗಳ ಸಂಘವೂ ಕೂಡಿ ಬರೆಯುವ ಒಂದೇ ಮನವಿಯಲ್ಲಿ ಈ ಪ್ರಶ್ನೆಯನ್ನು ಹಾಕಿ ಉತ್ತರವನ್ನು ಬರವಣಿಗೆಯಲ್ಲಿ ಕೇಳೋಣ. ಬಂದ ಉತ್ತರವನ್ನು, ಬಾರದಿದ್ದರೆ ಬಾರದ ಸಂಗತಿಯನ್ನು, ಇದೇ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.